ಚುಕ್ಕೆ ಬಿದ್ದ ದಾರಿ

"ಒಳಗೆ ಕಾಲಿಡಬೇಡಿ ಪಟ್ವಾರಿಜ್ಯೂ. ಎಲೆ ಇನ್ನೂ ಒದ್ದೆ ಇದೆ," ಎಂದ ಖೀಮಾನಂದ.

ಲೀಲಾಧರ ಉಪ್ರೇತಿ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ.

ಹೊಲದ ಒಡೆಯ ಸತ್ತು ಬೂದಿಯಾಗಿದ್ದರೂ ಅವನು ಊರಿಗೆ ಹಾಕಿಕೊಟ್ಟ ಕಟ್ಟಳೆ ಇನ್ನೂ ಬದುಕಿತ್ತು. ಇಬ್ಬನಿ ಆರುವ ತನಕ, ನಾರಿಗೂ ಬೀಜಕ್ಕೂ ಬೆಳೆಯುವ ಭಂಗಿಯ ಹೊಲವನ್ನು ಯಾರೂ ಮುಟ್ಟಕೂಡದು. ಒದ್ದೆ ಎಲೆ ಸವರಿದ ಕೈ, ಒದ್ದೆ ಸೆರಗು, ದನದ ಒದ್ದೆ ಬಾಲ, ಯಾವುದಾದರೂ ಸರಿ, ಚುಕ್ಕೆ ರೋಗವನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುತ್ತದೆ.

ಇಬ್ಬರೂ ಕಲ್ಲುಗೋಡೆಯ ಮೇಲೆ ಬಿಸಿಲಿಗೆ ಕಾಯುತ್ತ ಕೂತರು.

ಜಸೋದ್ ಸಿಂಹ ಈ ಮೇಲ್ಹೊಲದ ಗೋಡೆಯ ಕೆಳಗೆ ಹೆಣವಾಗಿ ಸಿಕ್ಕಾಗ, ಮಳೆಯಲ್ಲಿ ಕಾಲು ಜಾರಿತು ಎಂದೇ ಊರು ಅಂದುಕೊಂಡಿತ್ತು. ಏಟು ಎರಡು ಬಿದ್ದಿವೆ, ಹಣೆಗೊಂದು, ತಲೆಯ ಹಿಂದಕ್ಕೊಂದು, ಒಂದೇ ಸಲ ಬಿದ್ದರೆ ಎರಡೂ ಆಗುವುದಿಲ್ಲ ಎಂದು ಪೇಟೆಯ ಡಾಕ್ಟರು ತಡವಾಗಿ ಹೇಳಿ ಕಳಿಸಿದ ಮೇಲೆ, ನಿನ್ನೆ ಬೆಳಿಗ್ಗೆ ಉಪ್ರೇತಿ ಸತ್ತವನ ಚಿಕ್ಕಪ್ಪನ ಮಗ ದೀವಾನ್ ಸಿಂಹನನ್ನು ಚೌಕಿಯ ಕೋಣೆಗೆ ಹಾಕಿದ್ದ. ಇವತ್ತು ಮಧ್ಯಾಹ್ನ ಪೇಟೆಯ ಪೊಲೀಸರ ಜೀಪು ಬರುತ್ತದೆ. ಗುಡ್ಡದ ಸೀಮೆಯಲ್ಲಿ ಹೊಲ ಅಳೆಯುವವನೂ ಪಟ್ವಾರಿಯೇ, ಕಳ್ಳನನ್ನು ಹಿಡಿಯುವವನೂ ಪಟ್ವಾರಿಯೇ. ಆದರೆ ಕೊಲೆ ಎಂದ ಮೇಲೆ ಕೇಸು ಅವನ ಕೈಯಲ್ಲಿ ಉಳಿಯುವುದಿಲ್ಲ. ದೀವಾನ್ ಒಮ್ಮೆ ಆ ಜೀಪು ಹತ್ತಿದರೆ ಮತ್ತೆ ಈ ಊರಿನ ಮಾತು ಯಾರೂ ಕೇಳುವುದಿಲ್ಲ.

"ದೀವಾನ ಅವನಿಗೆ ಅಂದಿದ್ದೇನು, ಇನ್ನೊಂದ್ಸಲ ಹೇಳು," ಎಂದ ಉಪ್ರೇತಿ.

"ಎಷ್ಟು ಸಲ ಹೇಳಿಸ್ತೀರಿ? 'ನಿನ್ನ ಅಂಗಳದಲ್ಲಿ ಭಂಗಿ ಬೆಳೀಲಿ' ಅಂದ. ಚಹಾದಂಗಡಿ ಮುಂದೆ, ಎಲ್ಲರ ಎದುರಿಗೆ. ಊರ ಪ್ರಧಾನರೂ ಅಲ್ಲೇ ಇದ್ರು."

"ಪೇಟೆ ಇನ್‌ಸ್ಪೆಕ್ಟರಿಗೆ ಇದನ್ನ ಹೇಗಪ್ಪ ತಿಳಿಸೋದು? ಬಯಲುಸೀಮೆಯವನು. ಭಂಗಿ ಬೆಳೆಯೋನಿಗೆ ಭಂಗಿ ಬೆಳೀಲಿ ಅಂದ್ರೆ ಆಶೀರ್ವಾದ ಅಲ್ವಾ ಅಂತ ಕೇಳ್ತಾನೆ."

ಖೀಮಾನಂದ ನಕ್ಕ. ಅವನು ಚೌಕಿಯ ಜವಾನ. ಕಂಡ ಪಟ್ವಾರಿಗಳೆಲ್ಲ ವರ್ಗವಾಗಿ ಹೋದರೂ ಅವನೊಬ್ಬ ಅಲ್ಲೇ ಉಳಿದಿದ್ದ. "ಅವನಿಗೆ ಆ ಹಾಳು ಮನೆ ತೋರಿಸಿ," ಎಂದು ದಿಬ್ಬದ ಕಡೆ ಕೈ ಮಾಡಿದ. ಬಿಟ್ಟುಹೋದವರ ಮನೆ. ಮಾಡು ಕುಸಿದು, ಒಲೆ ಇದ್ದ ಜಾಗದಲ್ಲಿ ಕಾಡು ಭಂಗಿ ಆಳೆತ್ತರ ನಿಂತಿತ್ತು. "ಮನೇಲಿ ಜನ ಇಲ್ದೆ ಹೋದ್ರೆ ತಾನೇ ಅಂಗಳದಲ್ಲಿ ಭಂಗಿ ಏಳೋದು."

ಉಪ್ರೇತಿ ನಗಲಿಲ್ಲ. ಆ ಶಾಪದ ಮಾತನ್ನು ಬೆದರಿಕೆ ಎಂದು ಬರೆದುಕೊಂಡವನು ಅವನೇ. ಕೋಪ ಬಂದಾಗ ಈ ಗುಡ್ಡದಲ್ಲಿ ಅಮ್ಮ ಮಗನಿಗೂ ಆ ಮಾತು ಅನ್ನುತ್ತಾಳೆ ಎಂದು ಗೊತ್ತಿದ್ದೂ ಬರೆದುಕೊಂಡಿದ್ದ.

ಬಿಸಿಲು ಎದುರಿನ ಗುಡ್ಡದಿಂದ ನಿಧಾನಕ್ಕೆ ಇಳಿದು ಹೊಲದೊಳಗೆ ಬಂತು. ಇಬ್ಬನಿ ಆರಿತು. ಉಪ್ರೇತಿ ಬೂಟು ಬಿಚ್ಚಿ ಗೋಡೆಯ ಮೇಲಿಟ್ಟು ಒಳಗಿಳಿದ.

ಬೀಜಕ್ಕೆಂದೇ ಬಿಟ್ಟಿದ್ದ ಹೊಲ. ಊರಿಗೆಲ್ಲ ಬಿತ್ತನೆ ಇಲ್ಲಿಂದಲೇ ಹೋಗಬೇಕಿತ್ತು. ಜಸೋದ್ ಸಿಂಹ ಅದನ್ನು ಕೂಸಿನಂತೆ ನೋಡಿಕೊಂಡಿದ್ದ. ಗಿಡಗಳ ನಡುವೆ ಗಾಳಿಯಾಡಲು ಧಾರಾಳವಾಗಿ ಜಾಗ ಬಿಟ್ಟಿದ್ದ. ಮೊಣಕಾಲಿನ ಮಟ್ಟದವರೆಗೆ ಎಲೆಗಳನ್ನು ಚಿವುಟಿ ದೂರ ಒಯ್ದು ಸುಟ್ಟಿದ್ದ. ಮಳೆಹನಿ ಮಣ್ಣನ್ನು ಎಲೆಗೆ ಸಿಡಿಸದಂತೆ ಬುಡಕ್ಕೆಲ್ಲ ಪೈನ್ ಮರದ ಸೂಜಿ ಎಲೆ ಹಾಸಿದ್ದ. ಹೂ ಬರುವ ಮುಂಚೆಯೇ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆದಿದ್ದ. ಅದರ ನೀಲಿ ಕಲೆ ಕಾಂಡಗಳ ಕವಲಿನಲ್ಲಿ ಇನ್ನೂ ಉಳಿದಿತ್ತು.

ಇಷ್ಟು ಮಾಡಿದವನ ಹೊಲಕ್ಕೆ ಕೊನೆಗೂ ಚುಕ್ಕೆ ಬಂದಿತ್ತು. ಅದನ್ನು ನೋಡಲು ಅವನಿರಲಿಲ್ಲ.

ಉಪ್ರೇತಿ ಒಂದು ಎಲೆಯನ್ನು ಬೆಳಕಿಗೆ ಹಿಡಿದ. ಹಳದಿ ಅಂಚು, ನಡುವೆ ಕಂದು ಕಲೆ, ಕಲೆಯೊಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬಿಂದುಗಳು. ಆ ಗಿಡ ಬಿಟ್ಟು ಪಕ್ಕದ್ದನ್ನು ನೋಡಿದ. ಅದೂ ಹಾಗೇ. ಎಡಕ್ಕೆ ಸ್ವಲ್ಪ ಸರಿದು ನೋಡಿದರೆ ಎಲೆ ಹಸಿರಾಗಿತ್ತು. ಬಲಕ್ಕೆ ಸರಿದರೂ ಹಸಿರು.

ಅವನು ಗೋಡೆ ಹತ್ತಿ ನಿಂತು ಇಡೀ ಹೊಲವನ್ನು ನೋಡಿದ. ಕೆಳಗಿನ ದೀವಾನನ ಹೊಲದ ಕಲ್ಲುಮೆಟ್ಟಿಲಿನಿಂದ ಶುರುವಾಗಿ, ಹಸಿರಿನ ನಡುವೆ ಹಳದಿಯದೊಂದು ಪಟ್ಟೆ ಅಡ್ಡಡ್ಡ ಹಾದು, ಜಸೋದ್ ಬಿದ್ದಿದ್ದ ಗೋಡೆಯ ಮೂಲೆಗೆ ಹೋಗಿ ನಿಂತಿತ್ತು.

"ಓ ಇಜಾ!" ಖೀಮಾನಂದ ಬಾಯಿ ತೆರೆದ. "ಇದು ಕಾಲುದಾರಿ ಥರ ಇದೆ."

"ದಾರಿಯೇ. ಅವತ್ತು ಮಳೇಲಿ ಯಾರೋ ಇಲ್ಲಿ ನಡೆದಿದ್ದಾರೆ. ಹೆಜ್ಜೆ ಅವತ್ತೇ ಅಳಿಸಿಹೋಯ್ತು. ರೋಗ ಮೇಲೇಳೋಕೆ ಇಷ್ಟು ದಿನ ತಗೊಂಡಿದೆ."

"ಹಾಗಾದ್ರೆ ಮುಗೀತಲ್ಲ. ದೀವಾನನ ಹೊಲದಿಂದ ರೋಗ ಬಂದಿದೆ ಅಂದ್ರೆ ದೀವಾನನೇ ಬಂದಿದ್ದ."

ಉಪ್ರೇತಿಗೂ ಮೊದಲು ಹಾಗೇ ಅನ್ನಿಸಿತ್ತು. ಹಾಗೇ ಇದ್ದರೆ ಎಷ್ಟು ಸುಲಭ ಎಂದೂ ಅನ್ನಿಸಿತ್ತು. ಅವನು ಮತ್ತೆ ಇಳಿದು ಆ ಪಟ್ಟೆಯ ನಡುವೆ ನಿಂತು ಎರಡೂ ಕೈ ಚಾಚಿದ.

"ಇಲ್ಲಿ ನೋಡು. ಮನುಷ್ಯ ಸುಮ್ಮನೆ ನಡೆದ್ರೆ ಎಲೆ ಸವರೋದು ತೊಡೆ, ಸೊಂಟ. ಅಲ್ಲಿ ಒಂದು ಚುಕ್ಕೆಯೂ ಇಲ್ಲ. ಎಲ್ಲ ನನ್ನ ಕಿವಿಯಿಂದ ಮೇಲೆ. ಅದೂ ಎರಡೂ ಕಡೆ ನನ್ನ ಕೈ ಚಾಚಿದಷ್ಟು ಅಗಲ."

ಖೀಮಾನಂದ ಯೋಚಿಸಿದ. "ಹೊರೆ?"

"ಹೊರೆ. ನಿಮ್ಮೂರಲ್ಲಿ ಗಂಡಸರು ಹೊರೆ ಹೇಗೆ ಹೊರ್ತಾರೆ?"

"ಬೆನ್ನ ಮೇಲೆ," ಎಂದ ಖೀಮಾನಂದ. ಆಮೇಲೆ ಅವನ ಮುಖದಲ್ಲಿದ್ದ ನಗೆ ಮೆಲ್ಲಗೆ ಆರಿತು. "ತಲೆ ಮೇಲೆ ಹೊರೋದು ಹೆಂಗಸರು."

ಹುಲ್ಲಿನ ಹೊರೆ ಹೊತ್ತು ಇಳಿಯುವ ಹೆಂಗಸರನ್ನು ಉಪ್ರೇತಿ ದಿನವೂ ನೋಡುತ್ತಿದ್ದ. ದೂರದಿಂದ ಹೆಂಗಸು ಕಾಣುವುದೇ ಇಲ್ಲ, ಹೊರೆಯೇ ನಡೆದು ಬಂದ ಹಾಗಿರುತ್ತದೆ.

ಗೋಡೆಯ ಕೆಳಗಿನ ಕೊರಕಲಿನಲ್ಲಿ ತುರಿಕೆ ಗಿಡ ದಟ್ಟವಾಗಿ ಬೆಳೆದಿತ್ತು. ಹೆಣ ಎತ್ತಿದ ದಿನ ಅದರೊಳಗೆ ಯಾರೂ ಕೈ ಹಾಕಿರಲಿಲ್ಲ. ಖೀಮಾನಂದ ಬೈದುಕೊಳ್ಳುತ್ತ ಕುಡುಗೋಲಿನಿಂದ ಅದನ್ನು ಸವರಿದ. ಒಳಗಿನಿಂದ ಕೊಳೆತ ವಾಸನೆ ಬಂತು. ಬೇರುಸಹಿತ ಕಿತ್ತ ಭಂಗಿ ಗಿಡಗಳ ಹೊರೆ, ಕಪ್ಪಗಾಗಿ ಮುದ್ದೆಯಾಗಿ ಬಿದ್ದಿತ್ತು. ಅದನ್ನು ಕಟ್ಟಿದ್ದು ಹಗ್ಗದಿಂದಲ್ಲ, ಹೆಂಗಸರು ಸೊಂಟಕ್ಕೆ ಬಿಗಿಯುವ ಉದ್ದನೆಯ ಬಟ್ಟೆಯಿಂದ. ಹಸಿರು ಬಟ್ಟೆ, ಅಂಚಿಗೆ ಬಿಳಿ ಗೆರೆ.

ಖೀಮಾನಂದ ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ.

"ಯಾರದ್ದು ಅಂತ ಗೊತ್ತಾ?"

"ನನ್ನ ಬಾಯಿಂದ ಬೇಡ ಪಟ್ವಾರಿಜ್ಯೂ. ಆ ಮನೇಲಿ ಊಟ ಮಾಡಿದ್ದೀನಿ."

"ಸರಿ. ನೀನು ಚೌಕಿಗೆ ಹೋಗು. ಜೀಪು ಬಂದ್ರೆ ನಿಲ್ಲಿಸ್ಕೋ. ನಾನು ಬರೋವರೆಗೆ ದೀವಾನನ್ನ ಹೊರಗೆ ಬಿಡಬೇಡ."

"ನನ್ನ ಮಾತು ಪೊಲೀಸರು ಕೇಳ್ತಾರಾ?"

"ಚಹಾ ಕಾಸಿ ಕೊಡು. ಹಾಲು ತರ್ತೀನಿ ಅಂತ ಹೊತ್ತು ಕಳಿ."

ಖೀಮಾನಂದ ಇಳಿದುಹೋದ ಮೇಲೂ ಉಪ್ರೇತಿ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ. ಕೆಳಗೆ ದೀವಾನನ ಹೊಲದಲ್ಲಿ ಯಾರೋ ಬಾಗಿ ಕೆಲಸ ಮಾಡುತ್ತಿರುವುದು ಇಲ್ಲಿಂದಲೇ ಕಾಣುತ್ತಿತ್ತು. ಯಜಮಾನನನ್ನು ಕಳೆದುಕೊಂಡ ಮನೆ ಒಂದು. ಜೀಪು ಒಯ್ಯಲಿರುವವನ ಮನೆ ಇನ್ನೊಂದು. ತಾನೀಗ ಮೆಟ್ಟಿಲಿಳಿದರೆ ಆ ಇನ್ನೊಂದರಲ್ಲಿ ಒಲೆ ಹಚ್ಚುವವರೂ ಉಳಿಯುವುದಿಲ್ಲ. ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದ.

* * *

ದೀವಾನನ ಹೆಂಡತಿ ಬಚುಲಿ ಗಿಡದ ಕೆಳಗಿನ ಎಲೆಗಳನ್ನು ಒಂದೊಂದೇ ಚಿವುಟಿ ಬುಟ್ಟಿಗೆ ಹಾಕುತ್ತಿದ್ದಳು. ಉದುರಿದ ಎಲೆಯನ್ನೂ ಮಣ್ಣಿನಿಂದ ಹೆಕ್ಕುತ್ತಿದ್ದಳು. ಹೊಲದ ಮೂಲೆಯಲ್ಲಿ ಸಣ್ಣ ಬೆಂಕಿ ಹೊಗೆಯಾಡುತ್ತಿತ್ತು. ಅರ್ಧಕ್ಕರ್ಧ ಗಿಡಗಳಲ್ಲಿ ನೆತ್ತಿಯ ಹೂ ಒಂದನ್ನು ಬಿಟ್ಟರೆ ಹಸಿರೇ ಇರಲಿಲ್ಲ.

"ಒಳಗೆ ಬರಲಾ ಬಚುಲಿ? ಎಲೆ ಒಣಗಿದೆಯಾ?"

ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡಳು. "ಬನ್ನಿ ಪಟ್ವಾರಿಜ್ಯೂ. ಇನ್ನು ಒಣಗಿದ್ರೇನು, ಒದ್ದೆಯಾದ್ರೇನು."

"ಇಷ್ಟು ತಡವಾಗಿ ಚಿವುಟಿದ್ರೆ ಉಪಯೋಗ ಇದೆಯಾ?"

"ಇಲ್ಲ. ಆಷಾಢದಲ್ಲೇ ಮಾಡಬೇಕಿತ್ತು. ಜೇಠ್‌ಜ್ಯೂ ಹೇಳಿದ್ರು." ಗಂಡನ ಅಣ್ಣನ ವರಸೆಯವನನ್ನು ಅವಳು ಹೆಸರು ಹಿಡಿದು ಹೇಳುವಂತಿರಲಿಲ್ಲ; ಅವನಿಗೂ ಅವಳು ಬರಿ 'ಬ್ವಾರಿ', ಮನೆಯ ಸೊಸೆ. "ಮೊದಲು ಚಿವುಟಿ ಅಂದ್ರು. ಆಮೇಲೆ, ಇದು ಕೈಮೀರಿದೆ, ರೋಗ ಹಿಡಿದ ಸಾಲೆಲ್ಲ ಕಿತ್ತು ಸುಟ್ಟುಬಿಡಿ, ಬರೋ ವರ್ಷ ಇಲ್ಲಿ ಭಂಗಿ ಬೇಡ, ಉದ್ದು ಹಾಕಿ ಅಂದ್ರು."

"ದೀವಾನ ಒಪ್ಪಲಿಲ್ಲ."

"ನಮ್ಮನೆಯವರಿಗೆ ಒಳ್ಳೇ ಮಾತು ಬೇರೆಯವರ ಬಾಯಿಂದ ಬಂದ್ರೆ ಕಹಿ." ಹಾಗೆಂದು ನಕ್ಕಳು. ನಗು ಬಂದದ್ದಕ್ಕೆ ನಾಚಿದಂತೆ ಮತ್ತೆ ಬಾಗಿದಳು.

ಮೇಲ್ಹೊಲದ ಮೆಟ್ಟಿಲಿನ ಹತ್ತಿರ ಎರಡು ಸಾಲು ಬರಿದಾಗಿತ್ತು. ಕಿತ್ತ ಬೇರಿನ ಗುಳಿಗಳಲ್ಲಿ ಆಗಲೇ ಹುಲ್ಲು ಚಿಗುರಿತ್ತು.

"ಈ ಸಾಲು ಯಾರು ಕಿತ್ತಿದ್ದು?"

"ಹಂದಿ."

"ಹಂದಿ ಇಷ್ಟು ನೇರವಾಗಿ ಕೀಳುತ್ತಾ?"

ಅವಳು ಇನ್ನೊಂದು ಎಲೆ ಚಿವುಟಿದಳು. ಉಪ್ರೇತಿ ಚೀಲದಿಂದ ಬಟ್ಟೆ ತೆಗೆದು ಗೋಡೆಯ ಕಲ್ಲಿನ ಮೇಲಿಟ್ಟ. ಬಚುಲಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಹಳೆಯ ಸೀರೆಯದೊಂದು ಹರುಕು ಕಟ್ಟಿತ್ತು.

"ತುರಿಕೆ ಗಿಡದೊಳಗೆ ಸಿಕ್ತು," ಎಂದ ಉಪ್ರೇತಿ. "ನೋಡು, ನಾನು ಜೋರು ಮಾಡೋಕೆ ಬಂದಿಲ್ಲ. ದೀವಾನ ಒಂದು ಮಾತೂ ಆಡ್ತಾ ಇಲ್ಲ. ಅವತ್ತು ಎಲ್ಲಿದ್ದೆ ಅಂದ್ರೆ ಗೋಡೆ ನೋಡ್ತಾನೆ. ನಾನು ಅದನ್ನ ಕೊಬ್ಬು ಅಂದ್ಕೊಂಡೆ. ಇವತ್ತು ಈ ಸಾಲು ನೋಡಿದ ಮೇಲೆ ಗೊತ್ತಾಯ್ತು. ಅವನೂ ಇದನ್ನ ನೋಡಿದ್ದಾನೆ. ಅವತ್ತೇ ನೋಡಿದ್ದಾನೆ. ನಿನ್ನ ಹೆಸರು ಬರಬಾರದು ಅಂತ ಬಾಯಿ ಹೊಲ್ಕೊಂಡು ಕೂತಿದ್ದಾನೆ."

ಬಚುಲಿ ಬುಟ್ಟಿಯನ್ನು ಕೆಳಗಿಟ್ಟಳು. ಆಮೇಲೆ ಬರಿ ಸಾಲಿನ ಮಣ್ಣಿನಲ್ಲೇ ಕೂತುಬಿಟ್ಟಳು.

"ಒಳ್ಳೇದಕ್ಕೇ ಮಾಡ್ದೆ," ಎಂದಳು.

ಉಪ್ರೇತಿ ಎದುರಿನ ಕಲ್ಲಿನ ಮೇಲೆ ಕೂತ.

"ಇಬ್ಬರೂ ಜಗಳ ಆಡಿ ಮಾತು ಬಿಟ್ಟಿದ್ರು. ಸಾವಿಗೂ ಹೋಗದಷ್ಟು ಹಟ. ನಾನೇ ಸದ್ದಿಲ್ದೆ ಕಿತ್ತು ಸುಟ್ಟುಬಿಟ್ರೆ ಜೇಠ್‌ಜ್ಯೂಗೆ ಸಮಾಧಾನ, ಇವರಿಗೆ ಹಂದಿ ತಿಂತು ಅಂದ್ರಾಯ್ತು ಅನ್ಕೊಂಡೆ. ಮಳೇಲಿ ಮಣ್ಣು ಸಡಿಲ ಇರುತ್ತೆ, ಬೇರು ಕೈಗೇ ಬರುತ್ತೆ. ಊರೆಲ್ಲ ಒಳಗೆ ಕೂತಿರುತ್ತೆ. ಮನೆ ಹಗ್ಗ ತಂದ್ರೆ ಕೇಳ್ತಾರೆ ಅಂತ ಸೊಂಟದ ಬಟ್ಟೇಲೇ ಕಟ್ಟಿದೆ. ದಿಬ್ಬದ ಹಾಳು ಮನೇಲಿ ಹಾಕಿ, ಒಣಗಿದ ಮೇಲೆ ಸುಡೋಣ ಅಂತ."

"ಮೇಲ್ಹೊಲದೊಳಗೆ ಯಾಕೆ ಹೋದೆ?"

"ದಾರೀಲಿ ಹೋದ್ರೆ ಪ್ರಧಾನರ ಅಂಗಳ ದಾಟಬೇಕು. ಯಾರಾದ್ರೂ ನೋಡ್ತಾರೆ." ಅವಳು ತನ್ನ ಅಂಗೈ ನೋಡಿಕೊಂಡಳು. "ರೋಗದ ಹೊರೆ ತಲೆ ಮೇಲಿಟ್ಕೊಂಡು, ನೀರು ಸುರಿಸ್ತಾ, ಅವರ ಬೀಜದ ಹೊಲದ ಮಧ್ಯೆ ನಡ್ಕೊಂಡು ಹೋದೆ ಪಟ್ವಾರಿಜ್ಯೂ. ಒದ್ದೇಲಿ ಮುಟ್ಟಬೇಡಿ ಅಂತ ಊರೂರು ಸಾರಿದವರ ಹೊಲದಲ್ಲಿ. ಕದ್ದು ಹೋಗೋ ಭಯದಲ್ಲಿ ಅದೊಂದು ತಲೆಗೇ ಬರಲಿಲ್ಲ."

"ಅವನು ನೋಡಿದ."

"ದನದ ಕೊಟ್ಟಿಗೇಲಿದ್ರು. 'ಬ್ವಾರಿ, ನಿಲ್ಲು! ಸತ್ತೆವಲ್ಲೇ, ನಿಲ್ಲು!' ಅಂತ ಓಡಿ ಬಂದ್ರು. ನಾನು ಹೆದರಿ ಗೋಡೆ ಕಡೆ ಓಡಿದೆ. ಅವರು ಹೊರೆ ಹಿಡಿದು ಎಳೆದ್ರು. ಹೊರೆ ಜಾರಿ ಕೆಳಗೆ ಬಿತ್ತು. ಅದರ ಹಿಂದೆ ಅವರ ಕಾಲೂ ಜಾರ್ತು."

ಬೆಂಕಿಯ ಹೊಗೆ ಇತ್ತ ತಿರುಗಿತು. ಅವಳು ಕಣ್ಣೊರೆಸಿಕೊಳ್ಳಲಿಲ್ಲ.

"ಒಂದು ಕ್ಷಣ ಗೋಡೆ ಕಲ್ಲು ಹಿಡ್ಕೊಂಡು ನೇತಾಡ್ತಿದ್ರು. ನಾನು ಕೈ ಚಾಚಿದೆ. ಅರ್ಧ ಚಾಚಿದೆ. ಅವರೂ ಒಂದು ಕೈ ಅರ್ಧ ಎತ್ತಿದ್ರು. ಇಬ್ಬರಿಗೂ ಒಟ್ಟಿಗೇ ನೆನಪಾಯ್ತು, ಮುಟ್ಟೋ ಹಾಗಿಲ್ಲ ಅಂತ."

ಉಪ್ರೇತಿ ತಲೆ ತಗ್ಗಿಸಿದ. ಅವನ ಮನೆಯಲ್ಲೂ ಅದೇ. ತಮ್ಮನ ಹೆಂಡತಿಯ ನೆರಳು ಸೋಕಿದರೂ ಚಿನ್ನ ಅದ್ದಿದ ನೀರು ಚಿಮುಕಿಸಿಕೊಳ್ಳುವ ಮನೆ. ಅವಳ ಮದುವೆಯಾದಾಗಿನಿಂದ ಒಂದು ಲೋಟ ಚಹಾವನ್ನೂ ಕೈಯಿಂದ ಕೈಗೆ ತೆಗೆದುಕೊಂಡವನಲ್ಲ ಅವನು.

"ಒಂದೇ ಕ್ಷಣ," ಎಂದಳು ಬಚುಲಿ. "ಹೆಂಗಸರು ಹೊರೆ ಹೊರ್ತೀವಿ, ಎಮ್ಮೆ ಎಳೀತೀವಿ. ಅವರೇನು ಭಾರ ಇದ್ರು? ಹಿಡಿದಿದ್ರೆ ಮೇಲೆ ಬರ್ತಿದ್ರು. ಆಮೇಲೆ ಏನು ಶುದ್ಧಿ ಮಾಡಿಸ್ಕೋಬೇಕೋ ಮಾಡಿಸ್ಕೋಬಹುದಿತ್ತು."

ಗಾಳಿಗೆ ಭಂಗಿಯ ಒಣ ಎಲೆಗಳು ಸದ್ದು ಮಾಡಿದವು. ಉಪ್ರೇತಿ ಸಾಕು ಎಂದುಕೊಂಡು ಎದ್ದ. ಇದು ಕೊಲೆಯಲ್ಲ. ದೀವಾನನನ್ನು ಬಿಡಿಸಲು ಇಷ್ಟು ಸಾಕು. ಈ ಹೆಂಗಸು ಪೇಟೆಯಲ್ಲಿ ನಾಲ್ಕು ಜನರ ಮುಂದೆ ಇದನ್ನೇ ಮತ್ತೆ ಹೇಳಬೇಕಾಗುತ್ತದೆ, ಹೇಳಿ ಬದುಕಬೇಕಾಗುತ್ತದೆ, ಅಷ್ಟೇ.

ಆಗ ಡಾಕ್ಟರು ಹೇಳಿದ ಮಾತು ಅವನನ್ನು ತಡೆಯಿತು.

"ಬಚುಲಿ, ಬಿದ್ದಾಗ ಏಟು ಎಲ್ಲಿ ತಾಗ್ತು?"

"ಇಲ್ಲಿ," ಎಂದು ಹಣೆ ಮುಟ್ಟಿಕೊಂಡಳು.

"ತಲೆ ಹಿಂದೆ?"

"ಹಿಂದೆ ಏನೂ ಇರಲಿಲ್ಲ. ನಾನು ಸುತ್ತುಹಾಕಿ ಇಳಿದು ನೋಡಿದ್ನಲ್ಲ. ಗೋಡೆಗೆ ಒರಗಿ ಎದ್ದು ಕೂತಿದ್ರು."

ಉಪ್ರೇತಿ ಅವಳನ್ನೇ ನೋಡಿದ. "ಎದ್ದು ಕೂತಿದ್ದನಾ?"

"ಹೂಂ. ಮಾತಾಡಿದ್ರು. 'ಅಳಬೇಡ ಬ್ವಾರಿ, ಕಾಲು ಮುರಿದಿರಬೇಕು. ನೀನು ಎತ್ತೋ ಹಾಗಿಲ್ಲ. ಹೋಗಿ ಯಾರಾದ್ರೂ ಗಂಡಸರನ್ನ ಕರಿ' ಅಂದ್ರು. ಓಡಿದೆ. ಮೊದಲ ಮನೆ ಪ್ರಧಾನರದ್ದೇ. ಅವರು ಚಪ್ಪಲಿ ಮೆಟ್ಕೊಂಡು ಹೊರಟ್ರು. 'ನೀನು ಸೀದಾ ಮನೆಗೆ ಹೋಗು, ಬಾಯಿ ಬಿಡಬೇಡ, ನಾನು ನೋಡ್ಕೋತೀನಿ' ಅಂದ್ರು."

ಗ್ರಾಮಪ್ರಧಾನ ಹಯಾತ್ ಸಿಂಹ. ಮಾರನೆಯ ಬೆಳಿಗ್ಗೆ ಚೌಕಿಗೆ ಬಂದು, ಎಮ್ಮೆ ಹುಡುಕಿಕೊಂಡು ಹೋದಾಗ ಹೆಣ ಕಂಡೆ ಎಂದವನು. ದೀವಾನನ ಶಾಪದ ಮಾತನ್ನು ನೆನಪಿಸಿ ಕೊಟ್ಟವನೂ ಅವನೇ. ತಲೆಯ ಹಿಂದಿನ ಏಟು ಬಿದ್ದದ್ದು ಅವನು ಹೋದ ಮೇಲೆಯೇ; ಯಾಕೆ ಎಂಬುದನ್ನು ಇನ್ನು ಅವನ ಬಾಯಿಂದಲೇ ಹೊರಡಿಸಬೇಕು.

"ಆಮೇಲೆ ನಿನಗೆ ಏನಂದ?"

"'ನಾನು ಹೋಗೋಷ್ಟರಲ್ಲಿ ಪ್ರಾಣ ಹೋಗಿತ್ತು, ನೀನು ಬಾಯಿ ಬಿಟ್ರೆ ನಿನ್ನ ಕುತ್ತಿಗೆಗೆ ಹಗ್ಗ' ಅಂದ್ರು. ನಿನ್ನೆ ಇವರನ್ನ ಹಿಡ್ಕೊಂಡು ಹೋದಾಗ ಕಾಲಿಗೆ ಬಿದ್ದೆ. ಕೋರ್ಟಲ್ಲಿ ಬಿಟ್ಟುಬಿಡ್ತಾರೆ, ಸುಮ್ನಿರು ಅಂದ್ರು."

ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿತು. ಖೀಮಾನಂದ ಟೋಪಿ ಕೈಯಲ್ಲಿ ಹಿಡಿದು ಹತ್ತಿ ಬರುತ್ತಿದ್ದ.

"ಹೋಯ್ತು ಪಟ್ವಾರಿಜ್ಯೂ! ಜೀಪು ಹೋಗಿಬಿಡ್ತು. ಮಧ್ಯಾಹ್ನ ಅಂದಿದ್ರು, ನಾನು ಹೋಗೋಷ್ಟರಲ್ಲೇ ಬಂದಿತ್ತು. ಚಹಾ ಅಂದೆ, ಹಾಲು ಅಂದೆ, ಕೇಳಲಿಲ್ಲ."

"ಬೀಗ ಯಾರು ತೆಗೆದ್ರು?"

"ಪ್ರಧಾನರೇ ನಿಂತು ತೆಗೆಸಿದ್ರು. ಅವರೂ ಜೊತೆಗೆ ಹೋದ್ರು."

"ಹಯಾತ್ ಸಿಂಹನಾ? ಅವನು ಯಾಕೆ?"

"ದೀವಾನನೇ ಕೇಳ್ದ. ನಿನ್ನೆಯಿಂದ ತುಟಿ ಬಿಚ್ಚದೋನು, 'ಪ್ರಧಾನ್ ದಾಜ್ಯೂ ಪಕ್ಕದಲ್ಲಿ ಕೂತ್ರೆ ನಂಗೆ ಧೈರ್ಯ' ಅಂದ. ಪಾಪ, ಪ್ರಧಾನರಿಗೂ ಕರುಳು ಚುರುಕ್ ಅಂತು. ಊರಿನ ಹುಡುಗ, ಕಟ್ಟಿಹಾಕಿ ಒಯ್ಯಬೇಡಿ ಅಂತ ಹೇಳಿ ಕೈಯ ಹಗ್ಗ ಬಿಚ್ಚಿಸಿದ್ರು. ಇಬ್ಬರೂ ಹಿಂದಿನ ಸೀಟಲ್ಲಿ ಒಟ್ಟಿಗೇ ಕೂತ್ರು."

ಉಪ್ರೇತಿಗೆ ಒಂದು ಕ್ಷಣ ನೆಮ್ಮದಿಯೇ ಆಯಿತು. ದೀವಾನನಿಗೆ ಏನೂ ಗೊತ್ತಿಲ್ಲ. ಹಯಾತ್ ಸಿಂಹ ಅವನಿಗೆ ಏನೂ ಮಾಡಬೇಕಾಗಿಲ್ಲ. ಪೇಟೆಗೆ ಫೋನು ಮಾಡಿದರೆ ಇಬ್ಬರನ್ನೂ ಅಲ್ಲೇ ಕೂರಿಸಿಕೊಳ್ಳುತ್ತಾರೆ.

ಅವನು ತಿರುಗಿ ಬಚುಲಿಯನ್ನು ನೋಡಿದ. ಅವಳು ಎದ್ದು ನಿಂತಿದ್ದಳು. ಕೆಳಗೆ ರಸ್ತೆ ಗುಡ್ಡದ ಹೊಟ್ಟೆಯನ್ನು ಸುತ್ತಿ ಸುತ್ತಿ ಇಳಿಯುವ ಕಡೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರಿ ಆಳ ಇರುವ ಕಡೆ ನೋಡುತ್ತಿದ್ದಳು.

"ಪಟ್ವಾರಿಜ್ಯೂ," ಎಂದಳು. "ನಿನ್ನೆ ಸಾಯಂಕಾಲ ನಾನು ರೊಟ್ಟಿ ತಂದಾಗ, ಗಂಡ ಹೆಂಡತಿ ಮಾತಾಡ್ಕೊಳ್ಳಲಿ ಅಂತ ನೀವು ಹೊರಗೆ ಹೋದ್ರಲ್ಲ..."

"ಹೂಂ?"

"ಜೇಠ್‌ಜ್ಯೂ ಎದ್ದು ಕೂತಿದ್ದು, ನಾನು ಪ್ರಧಾನರನ್ನ ಕರೆದಿದ್ದು, ಎಲ್ಲ ಆಗಲೇ ನಮ್ಮನೆಯವರಿಗೆ ಹೇಳಿಬಿಟ್ಟೆ."